ಒಂದೇ ಚೀಟಿಯಲ್ಲಿ ಎರಡು ಕಾಯಿಲೆ

ಕೊರೊನಾ ಕಾಲದ ಸಂಜೆ ಬುಲೆಟಿನ್‌ಗಳು ‘ಕೋಮಾರ್ಬಿಡಿಟಿ’ ಎಂಬ ಪದವನ್ನು ನಮ್ಮ ಅರಳಿಕಟ್ಟೆಗೂ ತಂದುಬಿಟ್ಟವು. 1970ರಲ್ಲಿ ಆ ಪದವನ್ನು ಚಲಾವಣೆಗೆ ತಂದವರು ಅಮೆರಿಕದ ವೈದ್ಯ ಆಲ್ವನ್ ಫೈನ್‌ಸ್ಟೈನ್. ಪುಸ್ತಕದ ಕನ್ನಡದಲ್ಲಿ ಇದು ಸಹರೋಗ. ನಾನು ಜೋಡಿ ಕಾಯಿಲೆ ಅನ್ನುತ್ತೇನೆ. ಒಬ್ಬರಿಗೇ ಏಕಕಾಲಕ್ಕೆ ಎರಡೋ ಮೂರೋ ಕಾಯಿಲೆ ಇರುವುದು. ಖಿನ್ನತೆಯ ಜೊತೆ ಸಕ್ಕರೆ ಕಾಯಿಲೆ, ಕುಡಿತದ ಜೊತೆ ಟಿಬಿ, ಆತಂಕದ ಜೊತೆ ಖಿನ್ನತೆ. ವ್ಯಾಖ್ಯೆ ಇಷ್ಟೇ, ಬದುಕಿನಲ್ಲಿ ಇದು ಹೇಗಿರುತ್ತದೆಂದು ಕಾಣಲು ಗಡಿಯಾಚೆ ಹೋಗೋಣ.

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿ ಮುತ್ತಂಗ ಸೇರಿದರೆ ಅದು ನೂಲ್ಪುಳ ಪಂಚಾಯಿತಿ. ಸುಲ್ತಾನ್ ಬತ್ತೇರಿ ತಾಲ್ಲೂಕು, ವಯನಾಡು ಜಿಲ್ಲೆ. ಒಂದು ಕಡೆ ಕರ್ನಾಟಕ, ಇನ್ನೊಂದು ಕಡೆ ತಮಿಳುನಾಡು. ಪಣಿಯರು, ಕುರುಮರು, ಕಾಟ್ಟುನಾಯ್ಕರು ಇರುವ ನೆಲ. ಕಾಟ್ಟುನಾಯ್ಕರ ಮಾತಿಗೆ ಕಿವಿಗೊಟ್ಟರೆ ನಮ್ಮ ಜೇನುಕುರುಬರ ನುಡಿ ನೆನಪಾಗುತ್ತದೆ, ಅರ್ಧ ಕನ್ನಡವೇ. ಇಲ್ಲಿನ ಕುಟುಂಬಾರೋಗ್ಯ ಕೇಂದ್ರದಲ್ಲಿ ದಿನ ತುಂಬಿದ ಆದಿವಾಸಿ ಗರ್ಭಿಣಿಯರು ಮೊದಲೇ ಬಂದು ಉಳಿಯಲು ಮನೆಯಿದೆ, ನಡಿಗೆ ಕಲಿಸುವ ರೋಬೋಟ್ ಯಂತ್ರವೂ ಇದೆ. ಹಳ್ಳಿ ಆಸ್ಪತ್ರೆಯೆಂದರೆ ಕೆಮ್ಮಿನ ಸಿರಪ್ಪು, ಜ್ವರದ ಮಾತ್ರೆ ಎಂದು ನಂಬಿದವರು ಒಮ್ಮೆ ನೋಡಿ ಬರಬೇಕು.

ಈ ಸೀಮೆಯ ಒಂದು ಜೋಡಿ ಕಾಯಿಲೆಯನ್ನು ನೋಡಿ. ಇಲ್ಲಿನ ಆದಿವಾಸಿ ಕುಟುಂಬಗಳಲ್ಲೂ ಚೆಟ್ಟಿ ಸಮುದಾಯದಲ್ಲೂ ಸಿಕಲ್ ಸೆಲ್ ರಕ್ತಹೀನತೆ ಇದೆ. ಮಲಯಾಳದಲ್ಲಿ ಅದಕ್ಕೆ ‘ಅರಿವಾಳ್ ರೋಗಂ’ ಎಂದು ಹೆಸರು. ಅರಿವಾಳ್ ಎಂದರೆ ಕುಡುಗೋಲು. ಚಳಿ ಹೆಚ್ಚಾದಾಗ, ಮೈಯಲ್ಲಿ ನೀರು ಕಡಿಮೆಯಾದಾಗ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಮೂಳೆ ಮುರಿದಷ್ಟು ನೋವು. ಹೊರಗೆ ಮಾತ್ರ ಗಾಯವಿಲ್ಲ, ಊತವೂ ಇರಲಿಕ್ಕಿಲ್ಲ. ಹುಡುಗ ಸೋಮಾರಿ ಅನ್ನುತ್ತಾರೆ. ನೋವು ಮತ್ತೆ ಮತ್ತೆ ಬಂದಂತೆ ಕೂಲಿ ತಪ್ಪುತ್ತದೆ, ಮನಸ್ಸು ಕುಸಿಯುತ್ತದೆ, ನೋವು ಮರೆಯಲು ಸಾರಾಯಿ ಬರುತ್ತದೆ. ಸಾರಾಯಿ ಮೈಯ ನೀರನ್ನು ಹೊರಹಾಕುತ್ತದೆ, ನೀರು ಕಡಿಮೆಯಾದರೆ ಮತ್ತೆ ನೋವು. ಇಲ್ಲಿ ಯಾವುದು ಮೂಲ, ಯಾವುದು ಉಪಕಥೆ?

ಜನ ಎಡವುವುದು ಇಲ್ಲೇ. ‘ಮೊದಲು ಕುಡಿತ ಬಿಡಲಿ, ಆಮೇಲೆ ಮನಸ್ಸಿನ ವಿಚಾರ ನೋಡೋಣ’ ಎಂಬ ಮಾತನ್ನು ನಾನು ಮನೆಯವರ ಬಾಯಲ್ಲೂ ಕೇಳಿದ್ದೇನೆ, ವೈದ್ಯರ ಬಾಯಲ್ಲೂ. ಕೇಳಲು ಸರಿ ಅನಿಸುತ್ತದೆ. ಅದು ಎಲ್ಲಿ ತಪ್ಪುತ್ತದೆಂದು ಕಾಣಲು ಒಂದು ವಾರ್ಡಿಗೆ ಹೋಗೋಣ.

ನೂಲ್ಪುಳದ ಕಡೆಯಿಂದ ಗುಂಡ್ಲುಪೇಟೆಯ ಶುಂಠಿ ಹೊಲಕ್ಕೆ ಕೂಲಿಗೆ ಬಂದವನೊಬ್ಬ ಜಾರಿ ಬಿದ್ದು ಕಾಲು ಮುರಿದುಕೊಂಡ ಎಂದಿಟ್ಟುಕೊಳ್ಳಿ. ಹತ್ತು ವರ್ಷದಿಂದ ದಿನವೂ ಕುಡಿಯುವವನು. ಕಾಲಿಗೆ ಪಟ್ಟಿ ಕಟ್ಟಿ ಮಲಗಿಸಿದ್ದಾರೆ. ಮೊದಲ ದಿನ ಕೈ ನಡುಕ, ಬೆವರು. ಮೂರನೇ ರಾತ್ರಿ ಹೊದಿಕೆಯ ಮೇಲೆ ಹುಳು ಹರಿಯುತ್ತಿವೆ ಎಂದು ಬೆರಳಲ್ಲಿ ಹೆಕ್ಕಿ ಹೆಕ್ಕಿ ಬಿಸಾಡುತ್ತಾನೆ. ಅಲ್ಲಿ ಏನೂ ಇಲ್ಲ. ಹೆಂಡತಿ ಗಾಳಿ ಸೋಕಿದೆ ಅನ್ನುತ್ತಾಳೆ, ಪಕ್ಕದ ಮಂಚದವರು ಹುಚ್ಚು ಅನ್ನುತ್ತಾರೆ.

ಎರಡೂ ಅಲ್ಲ. ಸರಕು ತುಂಬಿದ ಲಾರಿ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವು ಇಳಿಯುವುದನ್ನು ನೆನೆಸಿಕೊಳ್ಳಿ. ಮದ್ಯ ಮೆದುಳಿಗೆ ಬ್ರೇಕು. ದಿನವೂ ಆ ಬ್ರೇಕು ಒತ್ತಿದರೆ ಮೆದುಳು ಸುಮ್ಮನಿರುವುದಿಲ್ಲ. ತನ್ನ ಸ್ವಂತ ಬ್ರೇಕನ್ನು ಸಡಿಲಿಸಿ ಆಕ್ಸಿಲರೇಟರನ್ನು ಒತ್ತಿ ಸಮ ಮಾಡಿಕೊಳ್ಳುತ್ತದೆ. ಆಸ್ಪತ್ರೆ ಸೇರಿದ ಗಳಿಗೆಗೆ ಮದ್ಯ ಪೂರ್ತಿ ನಿಂತಿತು. ಉಳಿದದ್ದು ಆಕ್ಸಿಲರೇಟರ್ ಮಾತ್ರ. ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದೊಳಗೆ ಈ ಸನ್ನಿ. ಚಿಕಿತ್ಸೆ ಇಲ್ಲದಿದ್ದರೆ ಪ್ರಾಣಕ್ಕೇ ಅಪಾಯ. ಡಯಾಜೆಪಾಮ್ ಥರದ ಔಷಧಿ ಕೊಟ್ಟು, ದಿನ ದಿನ ಇಳಿಸುತ್ತ ಬರುವುದು ಇದಕ್ಕೆ ದಾರಿ.

ಇನ್ನೊಂದು ಗುಂಡಿಯಿದೆ, ಇದನ್ನು ಹೇಳದೆ ನಾನು ಯಾವ ತರಗತಿಯನ್ನೂ ಮುಗಿಸುವುದಿಲ್ಲ. ಬಹಳ ಕಾಲ ಕುಡಿದವರ ಮೈಯಲ್ಲಿ ಬಿ1 ಜೀವಸತ್ವ ಬತ್ತಿರುತ್ತದೆ. ಸಕ್ಕರೆಯನ್ನು ಶಕ್ತಿಯಾಗಿಸಲು ಮೆದುಳಿಗೆ ಬಿ1 ಬೇಕು. ‘ಸುಸ್ತಾಗಿದ್ದಾನೆ, ಗ್ಲೂಕೋಸ್ ಹಾಕಿ’ ಎಂದು ಮನೆಯವರು ಗೋಗರೆದು ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಚೂರು ಬಿ1 ಕೂಡ ಖರ್ಚು. ಕಣ್ಣಾಲಿ ಹೊರಳದು, ನಡಿಗೆ ತಪ್ಪುತ್ತದೆ, ಬುದ್ಧಿ ಮಸುಕು. ಆಗಲೂ ಗಮನಿಸದಿದ್ದರೆ ನೆನಪು ಶಾಶ್ವತವಾಗಿ ಹೋಗಬಹುದು. ಹಾಗಾಗಿ ಗ್ಲೂಕೋಸಿಗೆ ಮೊದಲು, ಕೊನೆಗೆ ಅದರ ಜೊತೆಗಾದರೂ, ಬಿ1 ಇಂಜೆಕ್ಷನ್. ಮೂಳೆ ವಾರ್ಡಿನ ಸಿಸ್ಟರ್ ‘ದಿನಾ ಕುಡೀತಾರಾ, ಕೊನೇ ಸಲ ಯಾವಾಗ?’ ಎಂದು ಕೇಳಿದ್ದರೆ ಸಾಕಿತ್ತು, ಇದೆಲ್ಲ ಮೊದಲ ದಿನವೇ ಗೊತ್ತಾಗುತ್ತಿತ್ತು.

ಖಿನ್ನತೆಯ ಮಾತು? ಕುಡಿತದಿಂದಲೇ ಬಂದ ಖಿನ್ನತೆ, ಕುಡಿತ ಬಿಟ್ಟ ಎರಡು ನಾಲ್ಕು ವಾರಗಳಲ್ಲಿ ಬಹುಪಾಲು ಇಳಿಯುತ್ತದೆ, ಆದ್ದರಿಂದ ‘ಮೊದಲು ಬಿಡಲಿ’ ಎಂಬುದರಲ್ಲಿ ಅರ್ಧ ಸತ್ಯ ಉಂಟು. ಆದರೆ ಕೆಲವರಿಗೆ ಖಿನ್ನತೆ ಕುಡಿತಕ್ಕಿಂತ ಹಳೆಯದು. ಅವರಿಗೆ ಬಾಟಲಿ ಕಿತ್ತುಕೊಂಡು ಬೇರೇನೂ ಕೊಡದಿದ್ದರೆ ತಿಂಗಳೊಳಗೆ ಮತ್ತೆ ಅಂಗಡಿ ಬಾಗಿಲು. ಸಾಯುವ ಮಾತಾಡಿದವರಿಗಂತೂ ಕಾಯಿಸುವ ಪ್ರಶ್ನೆಯೇ ಇಲ್ಲ.

ಉಲ್ಟಾ ದಿಕ್ಕಿನ ತಪ್ಪೂ ಇದೆ. ಮಾನಸಿಕ ಕಾಯಿಲೆಯ ಹಣೆಪಟ್ಟಿ ಬಿದ್ದವರು ಎದೆನೋವು ಅಂದರೆ ‘ಟೆನ್ಶನ್’ ಎಂದು ಕಳಿಸಿಬಿಡುತ್ತೇವೆ. ತೀವ್ರ ಮಾನಸಿಕ ಕಾಯಿಲೆಯವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ, ಬಹುಪಾಲು ಮೈಯ ಕಾಯಿಲೆಗಳಿಂದ. ಔಷಧಿಗಳೂ ಒಂದನ್ನೊಂದು ಕೆಣಕುತ್ತವೆ. ಮನಸ್ಸಿನ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರು ಮಂಡಿನೋವಿಗೆಂದು ಮೆಡಿಕಲ್ ಸ್ಟೋರಿನ ಡೈಕ್ಲೋಫೆನಾಕ್ ನುಂಗಿದರೆ ರಕ್ತದಲ್ಲಿ ಲಿಥಿಯಂ ವಿಷಮಟ್ಟಕ್ಕೆ ಏರಬಹುದು. ಬೀಡಿಯ ಹೊಗೆ ಕ್ಲೋಜಪೈನ್ ಎಂಬ ಮನೋರೋಗದ ಔಷಧಿಯನ್ನು ಮೈಯಲ್ಲಿ ಬೇಗ ಕರಗಿಸುತ್ತದೆ. ಬೀಡಿ ಬಿಟ್ಟವರಿಗೆ ಅದೇ ಡೋಸು ಹೆಚ್ಚಾಗುತ್ತದೆ. ಬೀಡಿ ಬಿಟ್ಟಿದ್ದಕ್ಕೆ ಭೇಷ್ ಎನ್ನಿ, ವೈದ್ಯರಿಗೂ ತಿಳಿಸಿ.

ಹೀಗಾಗಿ ಎರಡೂ ಕಾಯಿಲೆ ಒಂದೇ ಚೀಟಿಯಲ್ಲಿ, ಒಂದೇ ಸೂರಿನಡಿ ಇರಬೇಕು. ಇದು ಹೊಸ ಕನಸಲ್ಲ. 1980ರ ದಶಕದಲ್ಲೇ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಮನೋಚಿಕಿತ್ಸೆಯನ್ನು ಹಳ್ಳಿಗೆ ಒಯ್ದಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಕೇರಳದ ಕುಟುಂಬಾರೋಗ್ಯ ಕೇಂದ್ರಗಳ ‘ಆಶ್ವಾಸಂ’ ಯೋಜನೆ ಖಿನ್ನತೆಯನ್ನು ಅಲ್ಲೇ ಗುರುತಿಸಿ ಅಲ್ಲೇ ಉಪಚರಿಸಲು ಹೊರಟದ್ದು. ಮೈಯ ಕಾಯಿಲೆಗೆ ಸಮನಾದ ಚಿಕಿತ್ಸೆ ಮನಸ್ಸಿನ ಕಾಯಿಲೆಗೂ ಸಿಗಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಗಡಿ ದಾಟಿ ಶುಂಠಿ ಹೊಲಕ್ಕೆ ಹೋಗುವವರು ಮಾತ್ರೆಯ ಹೆಸರು ಬರೆದ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಜೊತೆಗೊಯ್ದರೆ ಅರ್ಧ ತೊಂದರೆ ತಪ್ಪೀತು. ಮನಸ್ಸಿನ ತೊಂದರೆಗೆ ಟೆಲಿ ಮಾನಸ್‌ ಸಹಾಯವಾಣಿ 14416 ಎರಡೂ ರಾಜ್ಯಗಳಲ್ಲಿ ಸಿಗುತ್ತದೆ.

ಓದುವ ಹುಡುಗ ಹುಡುಗಿಯರಲ್ಲಿ ಒಂದು ಬೇಡಿಕೆ. ಖಿನ್ನತೆ ಪತ್ತೆಗೆ ಹಲವೆಡೆ ಮೊದಲು ಕೇಳುವುದು ಎರಡೇ ಪ್ರಶ್ನೆ: ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲವೆನಿಸಿತೇ, ಮನಸ್ಸು ಕುಗ್ಗಿತ್ತೇ? ಕನ್ನಡದಲ್ಲೇ ಇದು ಕಷ್ಟ. ನಮ್ಮ ‘ಬೇಜಾರು’ ಬಸ್ಸು ತಡವಾದದ್ದಕ್ಕೂ ಆಗುತ್ತದೆ, ಮಗು ಸತ್ತದ್ದಕ್ಕೂ ಆಗುತ್ತದೆ. ಕಾಟ್ಟುನಾಯ್ಕ ನುಡಿಯಲ್ಲಿ, ಜೇನುಕುರುಬ ನುಡಿಯಲ್ಲಿ ಕುಗ್ಗಿದ ಮನಸ್ಸಿಗೆ ಏನನ್ನುತ್ತಾರೆ, ಅದನ್ನು ಮೈಯ ಯಾವ ಭಾಗಕ್ಕೆ ಹಚ್ಚಿ ಹೇಳುತ್ತಾರೆ ಎಂದು ಕೂತು ಕೇಳಿ, ಬರೆದು ತನ್ನಿ. ನರ್ಸಿಂಗ್ ಓದುವವರೊಬ್ಬರು, ಭಾಷಾವಿಜ್ಞಾನ ಓದುವವರೊಬ್ಬರು ಜೊತೆಯಾಗಿ ಹೋದರೆ ಒಳ್ಳೆಯದು. ಗುಂಡ್ಲುಪೇಟೆಯಿಂದ ಬತ್ತೇರಿಗೆ ಬಸ್ಸಿದೆ.