ಬೋಧಕ ಕ್ರೀಡೆಗಳ ರಚನೆಯಲ್ಲಿ ಲಕ್ಷಣ-ಲಕ್ಷ್ಯ ವಿವೇಕ

ಕ್ರೀಡಾಮುಖದಿಂದ ಬೋಧಿಸುವ ಪದ್ಧತಿಯು ಕನ್ನಡನಾಡಿಗೆ ನೂತನವಾದುದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ (೧೭೯೪-೧೮೬೮) ಶ್ರೀತತ್ತ್ವನಿಧಿಯಲ್ಲಿರುವ ಒಂಬತ್ತು ನಿಧಿಗಳ ಪೈಕಿ ಕಡೆಯದಾದ ಕೌತುಕನಿಧಿಯು ಕ್ರೀಡೆಗಳನ್ನು ನಿರೂಪಿಸತಕ್ಕುದು. ಪರಮಪದ ಸೋಪಾನಪಟವಂತೂ ಆಬಾಲವೃದ್ಧರಿಗೆ ಪರಿಚಿತವೇ ಸರಿ: ಏಣಿಯ ಬುಡದಲ್ಲಿ ಸದ್ಗುಣ, ಹಾವಿನ ಬಾಯಲ್ಲಿ ದುರ್ಗುಣ.

ಈ ಪಟದಲ್ಲಿ ಎರಡಂಶಗಳುಂಟು. ಮನೆ, ಏಣಿ, ಹಾವು, ದಾಳ, ನಡೆಯ ನಿಯಮ ಇವು ಲಕ್ಷಣ. ಮನೆಗಳಲ್ಲಿ ಬರೆದ ಗುಣದೋಷಗಳ ಹೆಸರುಗಳು ಲಕ್ಷ್ಯ. ಮನೆಗಳ ಸಂಖ್ಯೆಯಲ್ಲಿ ಭೇದವಿದ್ದರೂ ಲಕ್ಷಣವು ಬಹುಮಟ್ಟಿಗೆ ಒಂದೇ ಆಗಿದ್ದು ಲಕ್ಷ್ಯವು ಬೇರೆಯಾದುದರಿಂದಲೇ ವೈಷ್ಣವರ ಪಟವೂ ಜೈನರ ಜ್ಞಾನಬಾಜಿಯೂ ತಂತಮ್ಮ ಸಿದ್ಧಾಂತಗಳನ್ನು ಬೋಧಿಸಬಲ್ಲವಾದುವು.

ಗಣಕಯಂತ್ರಶಾಸ್ತ್ರದ ಮಾದರಿಮೂಲ ನಿರ್ಮಾಣಕ್ರಮದ ಹುರುಳೂ ಇದೇ. ೨೦೦೧ರಲ್ಲಿ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಎಂಬ ಸಂಸ್ಥೆಯು ಇದನ್ನು ವ್ಯವಸ್ಥೆಗೊಳಿಸಿ ಪ್ರಕಟಿಸಿತು. ಮೊದಲು ವಿಷಯದ ಮಾದರಿಯನ್ನು ಯಂತ್ರದ ಗೊಡವೆಯಿಲ್ಲದೆ ಬರೆಯಬೇಕು; ಬಳಿಕ ಪರಿವರ್ತನಸೂತ್ರಗಳು ಅದರಿಂದ ಆಯಾ ಯಂತ್ರಕ್ಕೆ ತಕ್ಕ ಕ್ರಮವಿಧಿಯನ್ನು ಸಾಧಿಸುತ್ತವೆ. ಪ್ರಕೃತಿಪ್ರತ್ಯಯಗಳು ಸೂತ್ರಬಲದಿಂದ ಸಿದ್ಧರೂಪವನ್ನು ಹೊಂದುವ ಬಗೆಯು ಇಲ್ಲಿ ನೆನಪಾಗದಿರದು. ಮ್ಯಾಡ್ರಿಡ್ಡಿನ ಕಂಪ್ಲುಟೆನ್ಸೆ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ಇ-ಅಡ್ವೆಂಚರ್ ಎಂಬ ಸಾಧನವು ಯಂತ್ರಭಾಷೆಯನ್ನರಿಯದ ಅಧ್ಯಾಪಕರೂ ಕ್ರೀಡೆಯನ್ನು ರಚಿಸಲೆಂದೇ ಹುಟ್ಟಿತು.

ಹಿರೇಕೆರೂರು ಸೀಮೆಯ ಚಿಕ್ಕೇರೂರಿನ ಶಾಲೆಯಲ್ಲಿ ಉಪಾಧ್ಯಾಯರೊಬ್ಬರು ಸಂಧಿಪ್ರಕರಣವನ್ನು ಆಟವಾಗಿಸಬಯಸಿದರೆಂದು ಎಣಿಸಬಹುದು. ಅವರು ಬರೆಯಬೇಕಾದುದು ಒಂದು ಪಟ್ಟಿಕೆ ಮಾತ್ರ: ಊರು+ಅನ್ನು, ಊರನ್ನು, ಲೋಪ, ಮನೆ+ಅನ್ನು, ಮನೆಯನ್ನು, ಆಗಮ, ಮಳೆ+ಕಾಲ, ಮಳೆಗಾಲ, ಆದೇಶ. ಸರಿಯುತ್ತರಕ್ಕೆ ಏಣಿ, ತಪ್ಪಿಗೆ ಹಾವು. ಮಳೆಗಾಲವನ್ನು ಆಗಮವೆಂದ ವಿದ್ಯಾರ್ಥಿಯು ಆದೇಶವಿಧಿಯನ್ನು ವಿವರಿಸುವ ಮನೆಗೇ ಇಳಿಯಬೇಕು. ಯಾವ ತಪ್ಪು ಯಾವ ಭ್ರಾಂತಿಯಿಂದ ಹುಟ್ಟುವುದೆಂಬುದನ್ನು ಬಲ್ಲವರು ಉಪಾಧ್ಯಾಯರೇ ಹೊರತು ಯಂತ್ರಜ್ಞರಲ್ಲ.

ಆದರೆ ಇಲ್ಲೊಂದು ಆಕ್ಷೇಪವುಂಟು. ಮಾದರಿಯು ಅನುಮತಿಸದುದನ್ನು ಉಪಾಧ್ಯಾಯರು ಹೇಳಲಾರರು. ಪರಮಪದಪಟದ ಏರಿಳಿತಕ್ಕೆ ಕಾರಣವು ದಾಳ, ಆಟಗಾರನ ತಿಳಿವಲ್ಲ. ಆ ಲಕ್ಷಣವನ್ನೇ ಉಳಿಸಿಕೊಂಡು ಹೆಸರುಗಳನ್ನು ಮಾತ್ರ ಬದಲಿಸಿದರೆ ವಿದ್ಯಾರ್ಥಿಯು ಕಲಿಯುವುದು ಅದೃಷ್ಟವಾದವನ್ನು, ಸಂಧಿಯನ್ನಲ್ಲ. ಆದುದರಿಂದ ಲಕ್ಷ್ಯವನ್ನು ತುಂಬುವ ಅಧಿಕಾರವನ್ನಷ್ಟೇ ಉಪಾಧ್ಯಾಯರಿಗೆ ಕೊಟ್ಟರೆ ಸಾಲದು. ಲಕ್ಷಣವನ್ನು ಪರೀಕ್ಷಿಸಿ ತಿದ್ದುವ ಅಧಿಕಾರವೂ ಅವರಿಗೆ ಸಲ್ಲತಕ್ಕದ್ದು.