ಬಿಸಿನೀರಿಗೆ ಬಿಸಿಲೂ ಗಾಳಿಯೂ

ಬೀದರ್ ಮತ್ತು ಜಹೀರಾಬಾದ್‌ಗಳ ನಡುವಿನ ನ್ಯಾಲ್ಕಲ್ ಕಡೆ ಚಳಿಗಾಲದ ಮುಂಜಾವು ಮೈ ನಡುಗಿಸುತ್ತದೆ. ಸ್ನಾನ ಮಾಡಿ, ಮಡಿ ಉಟ್ಟು ಬಸದಿಗೆ ಹೊರಡುವ ನಮ್ಮ ಮನೆಗಳಲ್ಲಿ ಬೆಳಕು ಹರಿಯುವ ಮೊದಲೇ ಬಿಸಿನೀರು ಬೇಕು. ಹಿಂದೆ ಬಚ್ಚಲ ಒಲೆಗೆ ಕಟ್ಟಿಗೆ ಒಡ್ಡುತ್ತಿದ್ದೆವು; ಆ ಕಟ್ಟಿಗೆಯೊಳಗೆ ಎಷ್ಟು ಜೀವಗಳಿದ್ದವೋ! ಗೀಸರ್ ಬಂದ ಮೇಲೆ ಹೊಗೆ ಹೋಯಿತು, ಕರೆಂಟಿನ ಬಿಲ್ಲು ಏರಿತು. ಸೋಲಾರ್ ಹೀಟರ್ ಹಾಕಿಸಿದವರೂ ಮೋಡ ಕವಿದ ದಿನ ಗೀಸರನ್ನೇ ನೆನೆಯುತ್ತಾರೆ.

ಈ ಕೊರತೆ ನೀಗಿಸುವ ಸಾಧನವೇ ಸೌರ ನೆರವಿನ ಹೀಟ್ ಪಂಪ್. ಇದು ಫ್ರಿಜ್ಜಿನ ತಮ್ಮ ಎನ್ನಬಹುದು. ಫ್ರಿಜ್ಜು ಒಳಗಿನ ಶಾಖವನ್ನು ಹೊರಕ್ಕೆ ಸಾಗಿಸುತ್ತದೆ. ಇದು ಹೊರಗಿನ ಗಾಳಿಯ ಶಾಖವನ್ನು ನೀರಿಗೆ ಸಾಗಿಸುತ್ತದೆ. ಮಾಳಿಗೆಯ ಫಲಕ ಬಿಸಿಲಿನಲ್ಲಿ ಕಾದಿದ್ದರೆ ಯಂತ್ರದ ಶ್ರಮ ಇನ್ನೂ ಕಡಿಮೆ. ಮೋಡವಿದ್ದರೂ ಗಾಳಿಯಲ್ಲಿ ಶಾಖ ಇದ್ದೇ ಇರುತ್ತದೆ.

ವ್ಯಾಪಾರಸ್ಥರಾದ ನಾವು ಲೆಕ್ಕ ನೋಡೋಣ. 200 ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ಏರಿಸಲು ಗೀಸರಿಗೆ ಸುಮಾರು 6 ಯೂನಿಟ್ ಬೇಕು. ಹೀಟ್ ಪಂಪಿಗೆ ಸುಮಾರು 2 ಸಾಕು. ಮಾಳಿಗೆಯ ಮೇಲೆ 1 ಕಿಲೋವ್ಯಾಟ್ ಸೌರ ವಿದ್ಯುತ್ ಫಲಕವಿದ್ದರೆ ಬಿಸಿಲಿನ ದಿನ ಸುಮಾರು 4 ಯೂನಿಟ್ ಸಿಗುತ್ತದೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಗಳ ಇಂಥ ಫಲಕಗಳಿಗೆ 78,000 ರೂಪಾಯಿವರೆಗೆ ಸಹಾಯಧನವನ್ನು ನಿಗದಿ ಮಾಡಲಾಗಿದೆ. ಯಂತ್ರವನ್ನು ಮಧ್ಯಾಹ್ನ ನಡೆಸಿ, ಶಾಖ ಆರದ ಟ್ಯಾಂಕಿನಲ್ಲಿ ನೀರನ್ನು ಮುಂಜಾನೆಗೆ ಕಾಯ್ದಿಡುವುದು ಜಾಣತನ.

ಕೆಲವು ಎಚ್ಚರಿಕೆಗಳೂ ಇವೆ. ಗೀಸರಿಗಿಂತ ಇದರ ಬೆಲೆ ಬಹಳ ಹೆಚ್ಚು. ಇಬ್ಬರೇ ಇರುವ ಮನೆಗೆ ಹಾಕಿದ ಹಣ ಬೇಗ ಮರಳದು. ಕೂಡುಕುಟುಂಬ, ಧರ್ಮಶಾಲೆ, ವಿದ್ಯಾರ್ಥಿನಿಲಯಗಳಿಗೆ ಹೆಚ್ಚು ಲಾಭ. ಕೊಳವೆಬಾವಿಯ ಗಡಸು ನೀರಾದರೆ ಒಳಗೆ ಸುಣ್ಣ ಕಟ್ಟುತ್ತದೆ, ಆಗಾಗ ತೆಗೆಸಬೇಕು. ದುರಸ್ತಿಗೆ ಯಾರು, ಎಲ್ಲಿಂದ ಬರುತ್ತಾರೆಂದು ಕೊಳ್ಳುವ ಮೊದಲೇ ಕೇಳಿರಿ. ಈ ನೀರು ಸಾಮಾನ್ಯವಾಗಿ 55-60 ಡಿಗ್ರಿ ಮಾತ್ರ ಕಾಯುತ್ತದೆ, ಕುದಿಯುವುದಿಲ್ಲ. ಆದ್ದರಿಂದ ಕುಡಿಯುವ ನೀರನ್ನು ಎಂದಿನಂತೆ ಬೇರೆಯಾಗಿ ಸೋಸಿ ಕುದಿಸಿಕೊಳ್ಳಬೇಕು.

ಇದರಲ್ಲಿ ಹಿಂಸೆಯೇ ಇಲ್ಲವೆಂದು ನಾವು ಹೇಳುವುದಿಲ್ಲ. ಯಂತ್ರ, ವಿದ್ಯುತ್ತು, ಗಾಳಿ ಎಲ್ಲದರಲ್ಲೂ ಆರಂಭೀ ಹಿಂಸೆ ಉಂಟು. ಗೃಹಸ್ಥನು ಅದನ್ನು ಪೂರ್ಣ ಬಿಡಲಾರ; ಕಡಿಮೆ ಮಾಡಬಲ್ಲ. ಮೊದಲ ಮಿತವ್ಯಯವೆಂದರೆ ಎರಡು ಬಕೆಟ್ ಬದಲು ಒಂದು ಬಕೆಟ್ ನೀರು. ಅದಕ್ಕೆ ಯಂತ್ರ ಬೇಡ, ಮನಸ್ಸು ಸಾಕು. ಉಳಿದದ್ದಕ್ಕೆ ಬಿಸಿಲೂ ಗಾಳಿಯೂ ನೆರವಾಗಲಿ.