ಹೊಟ್ಟಿನ ಲೋಡು, ಕಲ್ಲಿನ ಲೋಡು

ಗಂಗಾವತಿಯ ಒಂದು ತೂಕದ ಕಾಟಾದ ಪಕ್ಕದ ಚಹಾದಂಗಡಿಯಲ್ಲಿ ಕೂತಿದ್ದಾಗ ಯಲಬುರ್ಗಾ ಕಡೆಯ ಹುಡುಗನೊಬ್ಬ ಮೊಬೈಲನ್ನು ನನ್ನ ಮುಂದೆ ಹಿಡಿದ. ‘ಅಣ್ಣಾರ, ಡ್ರೈವರ್ ಬೇಕು ಅಂತ ಹಾಕ್ಯಾರ. ಹತ್ತು ಗಾಲಿ, ಜಿವಿಡಬ್ಲ್ಯೂ, ಬಿಎಸ್6 ಅಂತೆಲ್ಲ ಬರದಾರ. ಗಾಡಿ ಹೊಡಿಯಾಕ ಬರ್ತೈತಿ, ಇದೊಂದು ತಿಳಿವಲ್ದು.’ ಅವನ ಕೈಯಲ್ಲಿ ಹೆವಿ ಲೈಸೆನ್ಸ್ ಇತ್ತು. ಇಪ್ಪತ್ತು ವರ್ಷ ತುಂಬಿ, ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷ ಕಳೆದ ಮೇಲೆ ಸಿಗುವ ಲೈಸೆನ್ಸ್ ಅದು. ಆದರೆ ಕೆಲಸ ಹುಡುಕುವ ಜಾಗ ಈಗ ಲಾರಿ ಸ್ಟ್ಯಾಂಡಿನಿಂದ ಫೋನಿಗೆ ಬಂದಿದೆ. ಅಲ್ಲಿ ಎರಡು ಸಾಲಿನ ಜಾಹೀರಾತು ಬಿಟ್ಟರೆ ವಿವರಿಸಿ ಹೇಳುವ ಹಿರಿಯ ಡ್ರೈವರು ಇರುವುದಿಲ್ಲ.

ಜಿವಿಡಬ್ಲ್ಯೂ ಎಂದರೆ ಗಾಡಿ, ಮಾಲು, ಡೀಸೆಲ್, ಒಳಗೆ ಕೂತವರು ಎಲ್ಲ ಸೇರಿ ಕಾನೂನು ಒಪ್ಪುವ ಒಟ್ಟು ತೂಕ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಈ ಮಿತಿಯನ್ನು ಏರಿಸಿತು. ಆರು ಗಾಲಿಯ ಎರಡು ಆಕ್ಸಲ್ ಲಾರಿಗೆ 16.2 ಟನ್ ಇದ್ದದ್ದು 18.5 ಆಯಿತು, ಹತ್ತು ಗಾಲಿಯದಕ್ಕೆ 25 ಇದ್ದದ್ದು 28.5 ಆಯಿತು. ಖಾಲಿ ಗಾಡಿಯೇ ಒಂಬತ್ತು ಹತ್ತು ಟನ್ ತೂಗಿದರೆ ಮಾಲಿಗೆ ಉಳಿಯುವುದು ಹತ್ತೊಂಬತ್ತರ ಆಸುಪಾಸು. ಲಾರಿ ಮಂದಿ ಈ ಮಿತಿಗೆ ‘ಪಾಸಿಂಗ್’ ಅನ್ನುತ್ತಾರೆ. ತೊಡಕೆಂದರೆ ಕೆಲವರು ಪಾಸಿಂಗ್ ಎಂದು ಒಟ್ಟು ತೂಕವನ್ನು ಹೇಳುತ್ತಾರೆ, ಕೆಲವರು ಬರೀ ಮಾಲಿನ ತೂಕವನ್ನು. ಯಾವುದೆಂದು ಕೇಳಿಕೊಳ್ಳದೆ ಕೆಲಸ ಒಪ್ಪಬಾರದು.

ಪಾಸಿಂಗ್ ತೂಕದ ಲೆಕ್ಕವೇ ಹೊರತು ಗಾತ್ರದ್ದಲ್ಲ ಎಂಬುದು ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಕಣ್ಣಿಗೇ ಕಾಣುತ್ತದೆ. ಗಂಗಾವತಿಯ ರೈಸ್ ಮಿಲ್ಲಿನಿಂದ ಭತ್ತದ ಹೊಟ್ಟು ತುಂಬಿಕೊಂಡ ಲಾರಿ ಬಸುರಿ ಎಮ್ಮೆಯಂತೆ ಎರಡೂ ಕಡೆ ಉಬ್ಬಿಕೊಂಡು ಬರುತ್ತದೆ. ಕುಷ್ಟಗಿ ಕಡೆಯಿಂದ ಬರುವ ಗ್ರಾನೈಟ್ ಲಾರಿಯ ಮೇಲೆ ಎರಡೋ ಮೂರೋ ಕಲ್ಲು ಬಿಟ್ಟರೆ ಉಳಿದದ್ದೆಲ್ಲ ಬಯಲು. ನೋಡಿದವರು ಮೊದಲನೆಯದೇ ಭಾರ ಅಂದುಕೊಳ್ಳುತ್ತಾರೆ. ಆದರೆ ಒಂದು ಘನ ಮೀಟರ್ ಹೊಟ್ಟು ತೂಗುವುದು 100ರಿಂದ 150 ಕಿಲೋ, ಅಷ್ಟೇ ಗಾತ್ರದ ಗ್ರಾನೈಟ್ ಸುಮಾರು 2,700 ಕಿಲೋ. ನಲವತ್ತು ಘನ ಮೀಟರ್ ಹೊಟ್ಟು ತುರುಕಿದರೂ ಆರು ಟನ್ ದಾಟದು. ಕಲ್ಲಾದರೆ ಏಳು ಘನ ಮೀಟರಿಗೇ ಹತ್ತು ಗಾಲಿಯ ಪಾಸಿಂಗ್ ಮುಗಿದುಹೋಗುತ್ತದೆ. ಹೊಟ್ಟಿನ ಗಾಡಿಯ ಡ್ರೈವರಿಗೆ ಗಾಳಿಯ ಹೊಡೆತ ಮತ್ತು ಮೇಲಿನ ವಿದ್ಯುತ್ ತಂತಿಯ ಚಿಂತೆ. ಕಲ್ಲಿನ ಗಾಡಿಯವನಿಗೆ ಬ್ರೇಕು ಮತ್ತು ಟೈರಿನ ಚಿಂತೆ. ಹಾಗಾಗಿ ಸಂಬಳ ಕೇಳುವ ಮುಂಚೆ ‘ಯಾವ ಮಾಲು?’ ಎಂದು ಕೇಳಬೇಕು.

ಅಷ್ಟರಲ್ಲಿ ಒಂದು ಲಾರಿ ಕಾಟಾ ಹತ್ತಿತು. ಕಿಟಕಿಯೊಳಗಿನ ಕೆಂಪು ಅಂಕಿಗಳು ಕುಣಿದಾಡಿ ನಿಧಾನಕ್ಕೆ ನಿಂತವು. ಆ ಹಾಸಿನ ಕೆಳಗೆ ತಕ್ಕಡಿ ಇಲ್ಲ, ಲೋಡ್ ಸೆಲ್ ಎಂಬ ಗಟ್ಟಿ ಉಕ್ಕಿನ ತುಂಡುಗಳಿವೆ. ಪ್ರತಿಯೊಂದರ ಮೈಗೆ ಹಾವಿನಂತೆ ಸುತ್ತಿ ಸುಳಿದ ತೆಳು ಲೋಹದ ಗೆರೆಯನ್ನು ಅಂಟಿಸಿರುತ್ತಾರೆ. ಭಾರ ಬಿದ್ದಾಗ ಉಕ್ಕು ಕಣ್ಣಿಗೆ ಕಾಣದಷ್ಟು ಕುಗ್ಗುತ್ತದೆ. ಅಂಟಿಕೊಂಡ ಗೆರೆಯೂ ಅದರ ಜೊತೆ ಬದಲಾಗಿ, ವಿದ್ಯುತ್ತಿಗೆ ಅದು ಒಡ್ಡುವ ತಡೆ ಒಂದಿಷ್ಟು ಹೆಚ್ಚುಕಡಿಮೆಯಾಗುತ್ತದೆ. ಆ ಒಂದಿಷ್ಟನ್ನೇ ಯಂತ್ರ ಕಿಲೋ ಲೆಕ್ಕಕ್ಕೆ ತಿರುಗಿಸುತ್ತದೆ. 1938ರಲ್ಲಿ ಅಮೆರಿಕದ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಗ್ ಬೇರೆ ಬೇರೆಯಾಗಿ ಕಂಡುಕೊಂಡ ಉಪಾಯ ಇದು. ಗಾಡಿ ಅಲುಗಾಡದೆ ನಿಂತ ಮೇಲೆ ಬಂದ ತೂಕವೇ ಸರಿಯಾದ ತೂಕ. ಚೀಟಿ ಹರಿದುಕೊಡುವ ಮೊದಲು ಡ್ರೈವರ್ ಇಳಿದುಬಂದು ಆ ಅಂಕಿಯನ್ನು ತಾನೇ ನೋಡಬೇಕೆಂಬುದು ನನ್ನ ಹಟ.

ಯಾಕೆಂದರೆ ಹೆಚ್ಚಿನ ಭಾರದ ಪರಿಣಾಮ ಭಾರದಷ್ಟೇ ಇರುವುದಿಲ್ಲ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬಲ್ಲಿ ಹೊಸದಾಗಿ ರಸ್ತೆ ಹಾಸಿ, ಅದರ ಮೇಲೆ ಲಾರಿಗಳನ್ನು ಹಗಲಿರುಳು ಓಡಿಸಿ ಪರೀಕ್ಷೆ ನಡೆಸಿದರು. ಅದರಿಂದ ಹೊರಬಿದ್ದ ಲೆಕ್ಕ ಇಂದಿಗೂ ರಸ್ತೆ ಎಂಜಿನಿಯರರಿಗೆ ಬಾಯಿಪಾಠ: ಒಂದು ಆಕ್ಸಲ್ ರಸ್ತೆಗೆ ಮಾಡುವ ಹಾನಿ ಅದರ ಭಾರದ ಸುಮಾರು ನಾಲ್ಕನೇ ಘಾತದಷ್ಟು ಏರುತ್ತದೆ. ಭಾರ ನೂರಕ್ಕೆ ಇಪ್ಪತ್ತು ಹೆಚ್ಚಾದರೆ ಹಾನಿ ಎರಡು ಪಟ್ಟು, ಭಾರವೇ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. ಗಾಲಿ ಹೆಚ್ಚಿದಂತೆ ಪಾಸಿಂಗ್ ಹೆಚ್ಚುವ ಗುಟ್ಟು ಇದೇ. ಅದೇ ಮಾಲನ್ನು ಹೆಚ್ಚು ಆಕ್ಸಲ್‌ಗಳಿಗೆ ಹಂಚಿದರೆ ರಸ್ತೆ ತಡೆದುಕೊಳ್ಳುತ್ತದೆ.

ಹಾನಿ ರಸ್ತೆಗೆ ಮಾತ್ರ ಅಲ್ಲ. ಕೊಪ್ಪಳದಿಂದ ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲೆಗೆ ಇಳಿಯುವ ದಾರಿಯಲ್ಲಿ ಅರಬೈಲ್ ಘಟ್ಟ ಬರುತ್ತದೆ. 28.5 ಟನ್ನಿನ ಲಾರಿ ನೂರು ಮೀಟರ್ ಎತ್ತರ ಇಳಿದರೆ ಹೊರಬೀಳುವ ಶಕ್ತಿ ಎಷ್ಟೆಂದರೆ, ಅದರಲ್ಲಿ ಸುಮಾರು 90 ಲೀಟರ್ ತಣ್ಣೀರನ್ನು ಕುದಿ ಬರಿಸಬಹುದು. ಆ ಕಾವು ಎಲ್ಲಾದರೂ ಹೋಗಲೇಬೇಕು. ಕೆಳಗಿನ ಗೇರಿನಲ್ಲಿ ಇಳಿಸಿದರೆ ಎಂಜಿನ್ನು ಒಂದಷ್ಟನ್ನು ನುಂಗುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕಿದರೆ ಎಲ್ಲವೂ ಬ್ರೇಕಿನ ಡ್ರಮ್ಮಿಗೇ ಬೀಳುತ್ತದೆ. ಡ್ರಮ್ಮು ಕಾದು ಹಿಗ್ಗುತ್ತದೆ, ಲೈನರ್ ಹಿಡಿತ ಬಿಡುತ್ತದೆ, ಪೆಡಲ್ ತುಳಿದರೂ ಗಾಡಿ ನಿಲ್ಲುವುದಿಲ್ಲ. ಓವರ್‌ಲೋಡ್ ಇದ್ದರೆ ಆ ಗಳಿಗೆ ಇನ್ನೂ ಬೇಗ ಬರುತ್ತದೆ. ಪ್ರಾಣಕ್ಕೆ ಕುತ್ತು ಬರುವುದು ಡ್ರೈವರನಿಗೆ. 2019ರ ತಿದ್ದುಪಡಿಯ ನಂತರ ಕೇಂದ್ರದ ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಓಡಿಸಿದವನೂ ಹೊಣೆ, ಓಡಿಸಲು ಹಚ್ಚಿದವನೂ ಹೊಣೆ.

ಬಿಎಸ್6 ಅನ್ನು ಹುಡುಗನಿಗೆ ಹೇಳುವುದು ಸುಲಭವಾಯಿತು. 2020ರ ಏಪ್ರಿಲ್‌ನಿಂದ ಬಂದ ಹೊಗೆಯ ಕಟ್ಟುಪಾಡು ಅದು. ಇಂಥ ಲಾರಿಗಳಿಗೆ ಡೀಸೆಲ್ ಜೊತೆ ಡಿಇಎಫ್ ಎಂಬ ದ್ರವ ಬೇಕು. ಅದರಲ್ಲಿರುವುದು ನೂರಕ್ಕೆ 32.5 ಭಾಗ ಯೂರಿಯಾ, ಉಳಿದದ್ದು ಶುದ್ಧ ನೀರು. ಹೊಗೆಯ ಕಾವಿಗೆ ಯೂರಿಯಾ ಅಮೋನಿಯಾ ಆಗಿ, ವಿಷಕಾರಿ ನೈಟ್ರೋಜನ್ ಆಕ್ಸೈಡುಗಳನ್ನು ಬರೀ ನೈಟ್ರೋಜನ್ ಮತ್ತು ನೀರಾಗಿ ಮಾಡುತ್ತದೆ. ‘ಹಂಗಾರ ಗದ್ದಿಗೆ ಹಾಕೋ ಯೂರಿಯಾನ ಕರಗಿಸಿ ಹಾಕಬಹುದಲ್ರಿ?’ ಎಂದ. ಹಾಕಬಾರದು. ನಮ್ಮ ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆ ಲೇಪಿಸಿರುತ್ತಾರೆ, ಅದು ಮತ್ತು ಇತರ ಕಲ್ಮಶಗಳು ಹೊಗೆ ತಿಳಿಗೊಳಿಸುವ ದುಬಾರಿ ಯಂತ್ರ ಕಟ್ಟಿಕೊಳ್ಳುವಂತೆ ಮಾಡುತ್ತವೆ.

ಇನ್ನೊಂದು ಜಾಹೀರಾತು ‘ನೋಂದಣಿ’ಗೆಂದು ಮೊದಲೇ ದುಡ್ಡು ಕೇಳಿತ್ತು. ಅದನ್ನು ಅಲ್ಲೇ ಅಳಿಸಿಹಾಕಿಸಿದೆ. ಹಾಗೆ ದುಡ್ಡು ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಕೇಂದ್ರ ಸರ್ಕಾರದ ನ್ಯಾಷನಲ್ ಕರಿಯರ್ ಸರ್ವಿಸ್ ಜಾಲತಾಣದಲ್ಲಿ ಕೆಲಸ ಹುಡುಕಲು ಶುಲ್ಕವೇ ಇಲ್ಲ. ದಿನಕ್ಕೆ ಎಷ್ಟು ತಾಸು ಓಡಿಸಬೇಕೆಂದು ಕೇಳುವುದನ್ನೂ ಹೇಳಿಕೊಟ್ಟೆ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ತಾಸು ಎಂದಿತ್ತು, ಐದು ತಾಸಿನ ದುಡಿಮೆಗೆ ಅರ್ಧ ತಾಸು ವಿಶ್ರಾಂತಿ ಕೊಡಬೇಕೆಂದಿತ್ತು.

ಹುಡುಗ ಚಹಾದ ಲೋಟ ಕೆಳಗಿಟ್ಟು ಮೊದಲ ನಂಬರಿಗೆ ಫೋನ್ ಹಚ್ಚಿದ. ‘ಸರ್, ಡ್ರೈವರ್ ಕೆಲಸದ ಸಲುವಾಗಿ ಮಾಡೀನ್ರಿ. ಗಾಡಿ ಪಾಸಿಂಗ್ ಎಷ್ಟೈತ್ರಿ? ಒಟ್ಟು ತೂಕದ್ದೋ, ಮಾಲಿಂದೋ?’ ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಸಾವಕಾಶ ಹೇಳತೊಡಗಿದರು. ಅವನು ಅಂಗೈ ಮೇಲೆ ಪೆನ್ನಿನಿಂದ ಅಂಕಿ ಬರೆದುಕೊಳ್ಳುತ್ತಿದ್ದ.